ದಂಡಿನ ಲಾರಿಗೆ ಎರಡನೇ ಜನ್ಮ

ಸೈನಿಕ ನಿವೃತ್ತನಾದರೆ ಪಿಂಚಣಿ ಬರುತ್ತದೆ. ಸೈನ್ಯದ ಲಾರಿ ನಿವೃತ್ತವಾದರೆ ಹರಾಜಿನವರು ಬರುತ್ತಾರೆ. ಮಣ್ಣುಹಸಿರು ಬಣ್ಣದ, ಎತ್ತರದ ಚಕ್ರಗಳ, ಮೊಂಡು ಮೂತಿಯ ಆ ಲಾರಿಯನ್ನು ಯಾರೋ ಕೊಂಡುಕೊಳ್ಳುತ್ತಾರೆ. ‘ಮಿಲಿಟರಿ ಗಾಡಿ ಅಂದರೆ ಗಟ್ಟಿ’ ಎಂಬ ನಂಬಿಕೆಯೇ ಅದರ ಅರ್ಧ ಬೆಲೆ. ಆ ನಂಬಿಕೆ ಎಷ್ಟು ನಿಜ? ಗಟ್ಟಿಯಾದದ್ದನ್ನು ಗಟ್ಟಿಯಾಗಿಯೇ ಉಳಿಸಿಕೊಳ್ಳಲು ಏನು ಮಾಡಬೇಕು? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂಥ ಬಯಲುಸೀಮೆಯ ಊರುಗಳಲ್ಲಿ ಈ ಪ್ರಶ್ನೆಗೆ ವಿಶೇಷ ಅರ್ಥವಿದೆ. ಇಲ್ಲಿನ ನೀರು, ಧೂಳು, ಬಿಸಿಲು, ಬೆಟ್ಟದ ಇಳಿಜಾರು ಎಲ್ಲವೂ ಹಳೆಯ ಯಂತ್ರವನ್ನು ಒಂದೊಂದು ರೀತಿಯಲ್ಲಿ ಪರೀಕ್ಷೆ ಮಾಡುತ್ತವೆ. ಶಾಲೆಯ ವಿಜ್ಞಾನ ಪುಸ್ತಕದ ಅರ್ಧ ಪಾಠಗಳು ಇಂಥ ಒಂದು ಲಾರಿಯ ಅಡಿಯಲ್ಲೇ ಸಿಗುತ್ತವೆ ಎಂದರೆ ಅತಿಶಯೋಕ್ತಿಯಲ್ಲ.

ಯುದ್ಧ ಮುಗಿದ ಮೇಲೆ

ಮಿಲಿಟರಿ ಡಿಸ್ಪೋಸಲ್ ಲಾರಿಗಳ ಕಥೆ ನಮ್ಮ ದೇಶದಲ್ಲಿ ಎರಡನೇ ಮಹಾಯುದ್ಧದಿಂದ ಶುರುವಾಗುತ್ತದೆ. ಯುದ್ಧಕಾಲದಲ್ಲಿ ಕೆನಡಾ ಒಂದೇ ದೇಶ 8 ಲಕ್ಷಕ್ಕೂ ಹೆಚ್ಚು ಸೈನಿಕ ವಾಹನಗಳನ್ನು ತಯಾರಿಸಿತು. ಫೋರ್ಡ್ ಮತ್ತು ಷೆವರ್ಲೆ ಕಂಪನಿಗಳು ಒಂದೇ ನಮೂನೆಗೆ ಕಟ್ಟಿದ ಆ ಲಾರಿಗಳ ಸ್ಟೀರಿಂಗ್ ಬಲಗಡೆಗಿತ್ತು. ಹಾಗಾಗಿ ಅವು ಭಾರತದ ರಸ್ತೆಗೆ ಸರಿಯಾಗಿ ಹೊಂದಿಕೊಂಡವು. 1945ರಲ್ಲಿ ಯುದ್ಧ ಮುಗಿದಾಗ ಇಂಥ ಸಾವಿರಾರು ವಾಹನಗಳು ಇಲ್ಲೇ ಉಳಿದವು. ಅವನ್ನು ಮಾರಿದ್ದೇ ಡಿಸ್ಪೋಸಲ್. ಕೊಂಡವರು ಮರದ ಬಾಡಿ ಕಟ್ಟಿಸಿ ಕೆಲವನ್ನು ಸರಕಿನ ಲಾರಿ ಮಾಡಿದರು, ಕೆಲವನ್ನು ಬಸ್ಸು ಮಾಡಿದರು.

ಆಗ ದೇಶದಲ್ಲಿ ಲಾರಿ ಕಾರ್ಖಾನೆಗಳು ಬೇರೂರಿರಲಿಲ್ಲ. ಈ ಕೊರತೆಯನ್ನು ಬಹಳ ಮೊದಲೇ ಕಂಡವರು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು. 1935ರಲ್ಲಿ ಅವರು ಯೂರೋಪ್ ಮತ್ತು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲೂ ಅಂಥ ಕಾರ್ಖಾನೆ ಆಗಬೇಕೆಂದು ಯೋಜನೆ ಸಿದ್ಧಪಡಿಸಿದರು. ಅಂದಿನ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗದೆ ಅವರು ಬಯಸಿದ ರೂಪದಲ್ಲಿ ಅದು ಕೈಗೂಡಲಿಲ್ಲ. ಆ ಪ್ರಯತ್ನದಲ್ಲಿ ಅವರ ಜೊತೆಗಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಅದೇ ಇಂದಿನ ಎಚ್‌ಎಎಲ್. ಲಾರಿಗಳ ವಿಷಯದಲ್ಲಿ ಮಾತ್ರ ಟೆಲ್ಕೊ ಮತ್ತು ಅಶೋಕ್ ಲೇಲ್ಯಾಂಡ್ 1950ರ ದಶಕದಲ್ಲಿ ಕಣ್ಣು ಬಿಡುವ ತನಕ ಯುದ್ಧ ಬಿಟ್ಟುಹೋದ ಗಾಡಿಗಳು ಆ ಕೊರತೆಯನ್ನು ಒಂದಷ್ಟು ತುಂಬಿದವು.

ಶಕ್ತಿಮಾನ್ ಬಂದ

ಸ್ವತಂತ್ರ ಭಾರತದ ಸೈನ್ಯಕ್ಕೆ ತನ್ನದೇ ಲಾರಿ ಬೇಕಿತ್ತು. 1959ರಲ್ಲಿ ಜಬಲ್‌ಪುರದ ಗನ್ ಕ್ಯಾರೇಜ್ ಫ್ಯಾಕ್ಟರಿಯಲ್ಲಿ ಜರ್ಮನಿಯ ಎಂಎಎನ್ ಕಂಪನಿಯ ಪರವಾನಗಿಯಡಿ ‘ಶಕ್ತಿಮಾನ್’ ಹುಟ್ಟಿತು. ಮುಂದೆ ಇದಕ್ಕಾಗಿಯೇ ಅಲ್ಲಿ ವೆಹಿಕಲ್ ಫ್ಯಾಕ್ಟರಿ ಎದ್ದಿತು. 1990ರ ದಶಕದ ಮಧ್ಯದವರೆಗೂ ಶಕ್ತಿಮಾನ್ ತಯಾರಾಗುತ್ತಿತ್ತು. 1965 ಮತ್ತು 1971ರ ಯುದ್ಧಗಳಲ್ಲಿ ಸರಕು, ಸೈನಿಕರನ್ನು ಹೊತ್ತದ್ದು ಈ ಲಾರಿಯೇ. ಆಮೇಲೆ ಅದರ ಜಾಗಕ್ಕೆ ಅಶೋಕ್ ಲೇಲ್ಯಾಂಡಿನ ಸ್ಟ್ಯಾಲಿಯನ್ ಮುಂತಾದವು ಬಂದವು. ಜೀಪಿನಂಥ ಜೋಂಗಾ, ಒಂದು ಟನ್ನಿನ ನಿಸಾನ್ ಗಾಡಿಗಳೂ ಇದೇ ಜಬಲ್‌ಪುರದ ಮಕ್ಕಳು.

ಎಂಎಎನ್ ಎಂಬ ಹೆಸರಿಗೆ ವಿಜ್ಞಾನ ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಮಹತ್ವವಿದೆ. ರುಡಾಲ್ಫ್ ಡೀಸೆಲ್ ತನ್ನ ಮೊದಲ ಯಶಸ್ವಿ ಎಂಜಿನನ್ನು 1897ರಲ್ಲಿ ಓಡಿಸಿ ತೋರಿಸಿದ್ದು ಆಗ್ಸ್‌ಬರ್ಗ್ ಊರಿನ ಕಾರ್ಖಾನೆಯಲ್ಲಿ. ಆ ಕಾರ್ಖಾನೆಯೇ ಮುಂದೆ ಎಂಎಎನ್ ಆಯಿತು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಹದಿನಾರು ಹದಿನೇಳನೇ ಒಂದು ಭಾಗಕ್ಕೆ ಅದುಮಿದಾಗ ಅದರ ಉಷ್ಣಾಂಶ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾದ ಗಾಳಿಯೊಳಗೆ ತುಂತುರಾಗಿ ಬಿದ್ದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪು ಹೊಡೆದ ಮೇಲೆ ಅದರ ತುದಿ ಮುಟ್ಟಿ ನೋಡಿದವರಿಗೆ ಇದರ ಗುಟ್ಟು ಅರ್ಧ ತಿಳಿದಂತೆಯೇ.

ನಿಂತ ಗಾಡಿಯ ರೋಗಗಳು

ಸೈನ್ಯದ ಲಾರಿ ಓಡಿದ ದೂರ ಕಡಿಮೆ ಇರಬಹುದು. ಮೀಟರು ನೋಡಿ ‘ಹೊಸದರಂತಿದೆ’ ಎಂದು ಮರುಳಾಗುವವರಿದ್ದಾರೆ. ಆದರೆ ಓಡುವ ಗಾಡಿಗೆ ಸವೆತ ಹೇಗೋ, ನಿಂತ ಗಾಡಿಗೆ ತುಕ್ಕು ಹಾಗೆ. ಡಿಪೋದಲ್ಲಿ, ಹರಾಜಿನ ಬಯಲಿನಲ್ಲಿ ವರ್ಷಗಟ್ಟಲೆ ನಿಂತ ಲಾರಿಯಲ್ಲಿ ರಬ್ಬರು ಒಣಗಿ ಬಿರುಕು ಬಿಟ್ಟಿರುತ್ತದೆ. ಟೈರು ಕಣ್ಣಿಗೆ ದಪ್ಪ ಕಂಡರೂ ಒಳಗೆ ಸತ್ವ ಹೋಗಿರುತ್ತದೆ. ಹಗಲಿನ ಸೆಕೆ, ರಾತ್ರಿಯ ತಂಪಿಗೆ ಡೀಸೆಲ್ ಟ್ಯಾಂಕಿನ ಖಾಲಿ ಜಾಗದಲ್ಲಿ ಗಾಳಿಯ ತೇವ ಹನಿಗಟ್ಟುತ್ತದೆ. ನೀರು ಡೀಸೆಲ್‌ಗಿಂತ ಭಾರ. ಅದು ತಳಕ್ಕಿಳಿದು ಅಲ್ಲೇ ತುಕ್ಕು ಹಿಡಿಸುತ್ತದೆ. ಇಂಥ ಗಾಡಿಯನ್ನು ತಂದ ದಿನವೇ ಸೆಲ್ಫ್ ಹೊಡೆದು ನೋಡುವ ಆತುರ ಒಳ್ಳೆಯದಲ್ಲ. ತಳದ ನೀರು, ತುಕ್ಕಿನ ಪುಡಿ ಮೇಲೆದ್ದು ಪಂಪಿಗೆ ಹೋದರೆ ಕೂದಲೆಳೆಗಿಂತ ಸೂಕ್ಷ್ಮವಾಗಿ ಹೊಂದಿಸಿದ ಅದರ ಒಳಭಾಗಗಳು ಕೆಡುತ್ತವೆ. ಆಮೇಲಿನ ಖರ್ಚು ಸಣ್ಣದಲ್ಲ.

ಬಲ್ಲ ಮೇಸ್ತ್ರಿ ಮೊದಲು ಟ್ಯಾಂಕಿನ ತಳದ ಬಿರಡೆ ತೆಗೆದು ಹಳೆಯದನ್ನೆಲ್ಲ ಇಳಿಸುತ್ತಾನೆ. ಫಿಲ್ಟರು, ಎಂಜಿನ್ ಆಯಿಲ್ ಬದಲಿಸುತ್ತಾನೆ. ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ಎಲ್ಲೂ ಹಿಡಿದುಕೊಂಡಿಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾನೆ. ಕೊನೆಗೆ ಡೀಸೆಲ್ ಪೈಪಿನೊಳಗಿನ ಗಾಳಿ ಹೊರಡಿಸುತ್ತಾನೆ. ಏಕೆ ಗೊತ್ತೇ? ದ್ರವವನ್ನು ಅದುಮಿದರೆ ಅದು ಒತ್ತಡವನ್ನು ಮುಂದಕ್ಕೆ ದಾಟಿಸುತ್ತದೆ. ಗಾಳಿಯನ್ನು ಅದುಮಿದರೆ ತಾನೇ ಕುಗ್ಗುತ್ತದೆ. ಪೈಪಿನಲ್ಲಿ ಒಂದಿಷ್ಟು ಗಾಳಿ ಸಿಕ್ಕಿಕೊಂಡರೆ ಪಂಪು ಎಷ್ಟು ದುಡಿದರೂ ಸಿಲಿಂಡರಿಗೆ ಡೀಸೆಲ್ ತಲುಪುವುದಿಲ್ಲ.

ಇನ್ನೊಂದು ಹೊಸ ಕಾಲದ ತೊಂದರೆಯೂ ಇದೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಸಿಗುವ ಬಿಎಸ್-6 ಡೀಸೆಲ್‌ನಲ್ಲಿ ಗಂಧಕದ ಪ್ರಮಾಣ ಹತ್ತು ಲಕ್ಷಕ್ಕೆ ಹತ್ತು ಭಾಗ ಮೀರುವಂತಿಲ್ಲ. ಗಾಳಿಯ ಮಟ್ಟಿಗೆ ಇದು ದೊಡ್ಡ ಉಪಕಾರ. ಆದರೆ ಹಳೆಯ ನಮೂನೆಯ ಡೀಸೆಲ್‌ನಲ್ಲಿ ಉಬ್ಬಿ ಕೂತಿದ್ದ ರಬ್ಬರ್ ಸೀಲುಗಳು ಹೊಸ ಡೀಸೆಲ್‌ಗೆ ಕುಗ್ಗಿ ಸೋರುವುದುಂಟು. ಹಳೆಯ ಪಂಪಿನಲ್ಲಿ ಸೋರಿಕೆ ಕಂಡರೆ ಸೀಲುಗಳನ್ನು ಬದಲಿಸುವುದೇ ದಾರಿ.

ಗಡಸು ನೀರಿನ ಕಾಟ

ನಂದಿಯ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ ಹುಟ್ಟುತ್ತವೆ. ಆದರೂ ವರ್ಷವಿಡೀ ಹರಿಯುವ ಹೊಳೆ ಈ ಸೀಮೆಗಿಲ್ಲ. ಕುಡಿಯಲೂ, ಬೆಳೆಗೂ, ಲಾರಿಯ ರೇಡಿಯೇಟರಿಗೂ ಕೊಳವೆಬಾವಿಯ ನೀರೇ ಗತಿ. ಆಳದ ಬಂಡೆಯೊಳಗಿನ ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಸ್ನಾನದ ಹಂಡೆಯ ತಳದಲ್ಲಿ ಬಿಳಿ ಹೆಕ್ಕಳೆ ಕಟ್ಟುವುದನ್ನು ಇಲ್ಲಿನ ಪ್ರತಿ ಮನೆಯೂ ಕಂಡಿದೆ. ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅದೇ ಆ ಹೆಕ್ಕಳೆ.

ಹಂಡೆಯಲ್ಲಿ ನಡೆಯುವುದೇ ರೇಡಿಯೇಟರಿನಲ್ಲೂ, ಎಂಜಿನ್ನಿನ ನೀರಿನ ಹಾದಿಯಲ್ಲೂ ನಡೆಯುತ್ತದೆ. ಹೆಕ್ಕಳೆ ಶಾಖವನ್ನು ಸುಲಭವಾಗಿ ದಾಟಗೊಡುವುದಿಲ್ಲ. ತಾಮ್ರದ ಕೊಳವೆಗಳು ಒಳಗಿನಿಂದ ಕಟ್ಟಿಕೊಂಡು ನೀರಿನ ಓಟ ತಗ್ಗುತ್ತದೆ. ಬೇಸಿಗೆಯ ಮಧ್ಯಾಹ್ನ ಭಾರ ಹೊತ್ತು ಏರು ಹತ್ತುವಾಗ ಎಂಜಿನ್ ಕಾಯುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಪರಿಹಾರ ಕಷ್ಟದ್ದಲ್ಲ. ಶುದ್ಧವಾಗಿ ಹಿಡಿದಿಟ್ಟ ಮಳೆನೀರು ಅಥವಾ ಭಟ್ಟಿ ಇಳಿಸಿದ ನೀರಿಗೆ ಕೂಲೆಂಟ್ ಬೆರೆಸಿ ಹಾಕಬೇಕು. ಪದೇ ಪದೇ ಬೋರಿನ ನೀರು ತುಂಬುವ ಅಭ್ಯಾಸ ಬಿಡಬೇಕು. ಕಾದ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಕೂಡಲೇ ತೆಗೆಯಬಾರದು. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದು ಒತ್ತಡ ಇಳಿದೊಡನೆ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಹೊಗೆ ಹೇಳುವ ಕಥೆ

ವೈದ್ಯರು ನಾಲಿಗೆ ನೋಡಿದಂತೆ ಮೇಸ್ತ್ರಿ ಸೈಲೆನ್ಸರ್ ನೋಡುತ್ತಾನೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಯಿತು ಎಂದರ್ಥ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದ್ದರೂ ಹೀಗಾಗುತ್ತದೆ. ಕಲ್ಲು ಕ್ವಾರಿ, ಮಣ್ಣು ರಸ್ತೆಗಳ ಈ ಸೀಮೆಯಲ್ಲಿ ಮೊದಲು ನೋಡಬೇಕಾದ್ದು ಅದನ್ನೇ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗು, ಲೈನರು ಸವೆದಿವೆ. ಬಿಳಿ ಹೊಗೆ ಎಂದರೆ ಡೀಸೆಲ್ ಸರಿಯಾಗಿ ಉರಿಯದೆ ಆವಿಯಾಗಿ ಹೋಗುತ್ತಿದೆ. ಬಿಸಿಯಾದ ಮೇಲೂ ಅದು ನಿಲ್ಲದೆ ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಸಿಲಿಂಡರಿಗೆ ನೀರು ನುಗ್ಗುತ್ತಿರಬಹುದು. ಕೊಳ್ಳುವ ಮುನ್ನ ಐದು ನಿಮಿಷ ಹೊಗೆ ನೋಡಿದವನು ಅನೇಕ ಸಾವಿರ ರೂಪಾಯಿ ಉಳಿಸಿಕೊಂಡಾನು.

ಇಳಿಜಾರಿನ ಲೆಕ್ಕ

ಎಂಜಿನ್ ಕೆಟ್ಟರೆ ಲಾರಿ ನಿಲ್ಲುತ್ತದೆ. ಬ್ರೇಕು ಕೆಟ್ಟರೆ ಲಾರಿ ನಿಲ್ಲುವುದಿಲ್ಲ. ಆದ್ದರಿಂದ ಹಳೆಯ ಗಾಡಿಯಲ್ಲಿ ಮೊದಲ ರೂಪಾಯಿ ಬ್ರೇಕಿಗೇ ಖರ್ಚಾಗಬೇಕು.

ಒಂದು ಲೆಕ್ಕ ಮಾಡೋಣ. ನಂದಿಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. 8 ಟನ್ ತೂಕದ ವಾಹನವೊಂದು 500 ಮೀಟರ್ ಎತ್ತರದಿಂದ ಕೆಳಗಿಳಿಯಿತು ಎಂದುಕೊಳ್ಳಿ. ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಇವುಗಳನ್ನು ಗುಣಿಸಿದರೆ 8,000 × 9.8 × 500, ಅಂದರೆ ಸುಮಾರು 3.9 ಕೋಟಿ ಜೂಲ್. ಒಂದು ಲೀಟರಿಗಿಂತ ತುಸು ಹೆಚ್ಚು ಡೀಸೆಲ್ ಉರಿದರೆ ಬರುವಷ್ಟು ಶಕ್ತಿ ಇದು. 30 ಡಿಗ್ರಿಯಲ್ಲಿರುವ 130 ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಹಂತಕ್ಕೆ ಒಯ್ಯಲು ಅಷ್ಟು ಸಾಕು. ಚಾಲಕ ಬ್ರೇಕನ್ನೇ ನಂಬಿ ಇಳಿದರೆ ಈ ಶಾಖದ ಬಹುಪಾಲು ಬ್ರೇಕ್ ಡ್ರಮ್ಮುಗಳಿಗೇ ಸೇರಬೇಕು. ಕಾದ ಲೈನಿಂಗಿನ ಹಿಡಿತ ತಗ್ಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಹಳೆಯದಾದಂತೆ ಅದರ ಕುದಿಬಿಂದು ಇಳಿಯುತ್ತದೆ. ಅದು ಕುದಿದು ಪೈಪಿನಲ್ಲಿ ಆವಿಯ ಗುಳ್ಳೆ ಎದ್ದರೆ ಪೆಡಲ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಪಾಸ್ಕಲ್‌ನ ನಿಯಮ ನಡೆಯುವುದು ದ್ರವದಲ್ಲಿ. ಗುಳ್ಳೆ ಬಂದರೆ ಒತ್ತಡವನ್ನು ಅದೇ ನುಂಗುತ್ತದೆ.

‘ಯಾವ ಗೇರಿನಲ್ಲಿ ಏರುತ್ತೀಯೋ ಅದೇ ಗೇರಿನಲ್ಲಿ ಇಳಿ’ ಎಂಬ ಹಳೆಯ ಚಾಲಕರ ಮಾತಿನ ಹಿಂದಿರುವುದು ಇದೇ ಭೌತಶಾಸ್ತ್ರ. ಕಡಿಮೆ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರು ಅದಕ್ಕೆ ತೆರುವ ಬೆಲೆ ಜೀವ.

ಕಣದ ಎತ್ತು, ನಾಲ್ಕು ಚಕ್ರ

ಸೈನ್ಯದ ಲಾರಿಯ ದೊಡ್ಡ ಆಕರ್ಷಣೆ ಅದರ ನಾಲ್ಕು ಚಕ್ರದ ಎಳೆತ. ಸಾಮಾನ್ಯ ಲಾರಿಯಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ಎಂಜಿನ್ನಿನ ಬಲ ಹೋಗುತ್ತದೆ. ಇದರಲ್ಲಿ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಮುಂದಿನ ಚಕ್ರಗಳಿಗೂ ಬಲ ಹಂಚುತ್ತದೆ. ಕೆಸರು, ಮರಳಿನಲ್ಲಿ ಇದು ವರ. ಒಣ ಟಾರು ರಸ್ತೆಯಲ್ಲಿ ಶಾಪ.

ರಾಗಿ ಕಣದಲ್ಲಿ ಮೇಟಿಯ ಸುತ್ತ ಎತ್ತುಗಳನ್ನು ಸಾಲಾಗಿ ಕಟ್ಟಿ ತಿರುಗಿಸುವುದನ್ನು ಹಿರಿಯರು ಕಂಡಿದ್ದಾರೆ. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದಂತೆ ನಡೆದರೆ, ಹೊರಗಿನ ಎತ್ತು ಸುತ್ತಿ ಸುತ್ತಿ ಸುಸ್ತಾಗುತ್ತದೆ. ಲಾರಿ ತಿರುವಿನಲ್ಲಿ ಹೊರಳುವಾಗ ಅದರ ಚಕ್ರಗಳ ಪಾಡೂ ಇದೇ. ಎಡಬಲ ಚಕ್ರಗಳ ವ್ಯತ್ಯಾಸವನ್ನು ಡಿಫರೆನ್ಷಿಯಲ್ ಸರಿದೂಗಿಸುತ್ತದೆ. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹೊಡೆಯುತ್ತವೆ. ಬೇಕಾದಾಗ ಮಾತ್ರ ಲಿವರ್ ಎಳೆದು ಮುಂದಿನ ಎಳೆತ ಸೇರಿಸುವ ಗಾಡಿಗಳಲ್ಲಿ ಮುಂದು ಹಿಂದಿನ ನಡುವೆ ಆ ವ್ಯವಸ್ಥೆ ಇರುವುದಿಲ್ಲ. ಕೆಸರಿನಲ್ಲಾದರೆ ಚಕ್ರ ಜಾರಿ ಬಿಗಿತ ಕಳೆದುಕೊಳ್ಳುತ್ತದೆ. ಟಾರಿನಲ್ಲಿ ಜಾರಲಾಗದೆ ಆ ಬಿಗಿತವೆಲ್ಲ ಗೇರು, ಶಾಫ್ಟುಗಳ ಮೇಲೆ ಬೀಳುತ್ತದೆ. ಆದ್ದರಿಂದ ಗಟ್ಟಿ ರಸ್ತೆಗೆ ಬಂದೊಡನೆ ಮುಂದಿನ ಎಳೆತ ಬಿಡಿಸಬೇಕು.

ಪಾನಾ ಗಣಿತ

ಹಳೆಯ ಗಾಡಿಯ ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿಗಳನ್ನು ಸುತ್ತಬೇಕಾಗುತ್ತದೆ. ಅಲ್ಲೂ ಸಿಗದಿದ್ದರೆ ಲೇತಿನಲ್ಲಿ ಕಡೆಸಬೇಕು. ಆಗ ಅಳತೆಯ ಜ್ಞಾನವೇ ಬಂಡವಾಳ. ಶಕ್ತಿಮಾನ್ ಜರ್ಮನ್ ಮೂಲದ್ದಾದ್ದರಿಂದ ಅದರ ನಟ್ಟು ಬೋಲ್ಟು ಮಿಲಿಮೀಟರ್ ಲೆಕ್ಕದವು. ಮಹಾಯುದ್ಧ ಕಾಲದ ಅಮೆರಿಕ, ಕೆನಡಾ ಗಾಡಿಗಳದ್ದು ಇಂಚಿನ ಲೆಕ್ಕ. ಮುಕ್ಕಾಲು ಇಂಚು ಎಂದರೆ 19.05 ಮಿಲಿಮೀಟರ್, 19ರ ಪಾನಾಕ್ಕೂ ಅದಕ್ಕೂ ಇರುವ ಅಂತರ ಅತ್ಯಲ್ಪ. ಆದರೆ ಅರ್ಧ ಇಂಚು ಎಂದರೆ 12.7, ಅದಕ್ಕೆ 13ರ ಪಾನಾ ಹಾಕಿ ಬಲವಾಗಿ ತಿರುಗಿಸಿದರೆ ಬೋಲ್ಟಿನ ಮೂಲೆಗಳು ಸವೆದು ಉರುಟಾಗುತ್ತವೆ. ಮರೆಗಳ ಅಂತರವೂ ಬೇರೆ. ‘ಇರಲಿ’ ಎಂದು ಬಲವಂತವಾಗಿ ಕೂರಿಸಿದ ಬೋಲ್ಟು ಕೆಲ ದಿನ ಕೂತಂತೆ ನಟಿಸಿ ದಾರಿಯಲ್ಲಿ ಕೈಕೊಡುತ್ತದೆ.

ಜೀವಕ್ಕೆ ಎರವಾಗುವ ಕೆಲಸಗಳು

ಹಳೆಯ ಲಾರಿ ಚಕ್ರಗಳಲ್ಲಿ ಟೈರನ್ನು ಹಿಡಿದಿಡುವುದು ಬಿಡಿಯಾದ ಉಕ್ಕಿನ ರಿಂಗು. ಗಾಳಿ ತುಂಬುವಾಗ ಅದು ಸರಿಯಾಗಿ ಕೂರದಿದ್ದರೆ ಗುಂಡಿನಂತೆ ಹಾರುತ್ತದೆ. ಚಕ್ರ ಬಿಚ್ಚುವ ಮೊದಲು ಗಾಳಿ ಪೂರ್ತಿ ಬಿಡಬೇಕು. ತುಂಬುವಾಗ ಕಬ್ಬಿಣದ ಪಂಜರದೊಳಗಿಟ್ಟು ದೂರ ನಿಲ್ಲಬೇಕು. ಬರೀ ಜಾಕಿನ ಮೇಲೆ ನಿಂತ ಲಾರಿಯಡಿ ಯಾರೂ ತೂರಬಾರದು. ಗಟ್ಟಿ ಸ್ಟ್ಯಾಂಡ್ ಕೊಟ್ಟು, ಬೇರೆ ಚಕ್ರಗಳಿಗೆ ಅಡ್ಡ ಇಟ್ಟೇ ಕೆಲಸ ಮಾಡಬೇಕು. ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಅದರ ಬಳಿ ಬೀಡಿ, ಕಿಡಿ ಕೂಡದು. ಬ್ಯಾಟರಿ ಬಿಚ್ಚುವಾಗ ಮೊದಲು ತೆಗೆಯಬೇಕಾದ್ದು ಋಣ ತಂತಿ.

ಕಣ್ಣಿಗೆ ಕಾಣದ ಅಪಾಯ ಬ್ರೇಕ್ ಡ್ರಮ್ಮಿನ ಧೂಳು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಬಳಸುತ್ತಿದ್ದರು. ಅದರ ಎಳೆ ಶ್ವಾಸಕೋಶಕ್ಕಿಳಿದರೆ ದಶಕಗಳ ನಂತರ ಕ್ಯಾನ್ಸರ್ ಬರಬಹುದು. ಆ ಧೂಳನ್ನು ಗಾಳಿಯ ಪೈಪಿನಿಂದ ಊದದೆ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಇಳಿಸಿದ ಹಳೆಯ ಆಯಿಲನ್ನು ಚರಂಡಿಗೋ ಕೆರೆಯ ಕಡೆಗೋ ಚೆಲ್ಲುವುದು ನೀರಿಗೇ ಬರಗಾಲವಿರುವ ಸೀಮೆಯಲ್ಲಿ ಪಾಪದ ಕೆಲಸ. ಅದನ್ನು ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು.

ಹರಾಜಿಗೆ ಮುನ್ನ

ಸೈನ್ಯದ ನಂಬರ್ ಫಲಕದಲ್ಲಿ ಮೇಲ್ಮುಖದ ಬಾಣವಿರುತ್ತದೆ. ಅದರ ನಂತರದ ಎರಡು ಅಂಕಿಗಳು ಗಾಡಿ ಸೈನ್ಯಕ್ಕೆ ಸೇರಿದ ವರ್ಷವನ್ನು ಹೇಳುತ್ತವೆ. ಆದರೆ ಸೈನ್ಯದ ಸ್ವತ್ತಾಗಿರುವವರೆಗೆ ಮಾತ್ರ ಆ ನಂಬರಿಗೆ ಬೆಲೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸೈನ್ಯದ ಕೈಬಿಟ್ಟ ವಾಹನ ರಸ್ತೆಗಿಳಿಯಬೇಕಾದರೆ ಸಾಮಾನ್ಯ ವಾಹನದಂತೆ ನೋಂದಣಿ ಆಗಲೇಬೇಕು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ. ದೇಶರಕ್ಷಣೆಯ ಕಾರ್ಯಾಚರಣೆಗೆ ಬಳಸುವ ವಿಶೇಷ ವಾಹನಗಳಿಗೆ ವಿನಾಯಿತಿ ಇದೆ. ಒಟ್ಟಿನಲ್ಲಿ ಹಳೆಯ ಗಾಡಿಗೆ ರಸ್ತೆಯ ದಾರಿ ಕಿರಿದಾಗಿದೆ. ಸಾಲ ಮಾಡಿ ಕೊಂಡ ಮೇಲೆ ಆರ್‌ಟಿಒ ಬಾಗಿಲು ತಟ್ಟುವ ಬದಲು, ಹರಾಜಿನ ಷರತ್ತು ಓದಿಕೊಂಡು ಚಿಕ್ಕಬಳ್ಳಾಪುರದ ಕೆಎ-40 ಅಥವಾ ಚಿಂತಾಮಣಿಯ ಕೆಎ-67 ಕಚೇರಿಯಲ್ಲಿ ಮೊದಲೇ ಕೇಳಿ ತಿಳಿಯುವುದು ಜಾಣತನ. ಬರೀ ಗುಜರಿಯಾಗಿ ಮಾರಿದ ಗಾಡಿಯನ್ನು ದುಡಿಮೆಗೆಂದು ಕೊಂಡ ಕುಟುಂಬಕ್ಕೆ ಉಳಿಯುವುದು ಕಬ್ಬಿಣದ ಬೆಲೆ ಮತ್ತು ಸಾಲ.

ಗ್ಯಾರೇಜೋ, ಶಾಲೆಯೋ?

‘ಓದು ತಲೆಗೆ ಹತ್ತುವುದಿಲ್ಲ, ಗ್ಯಾರೇಜಿಗೆ ಹಾಕಿಬಿಡೋಣ’ ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಈ ಮಾತಿನಲ್ಲಿ ಎರಡು ತಪ್ಪುಗಳಿವೆ. 14 ವರ್ಷ ತುಂಬದ ಮಗುವನ್ನು ಗ್ಯಾರೇಜಿನಲ್ಲಿ ಕೆಲಸಕ್ಕಿಟ್ಟುಕೊಳ್ಳುವುದು ಅಪರಾಧ ಎಂಬುದು ಒಂದು. ಗ್ಯಾರೇಜಿಗೆ ಓದು ಬೇಡ ಎಂದುಕೊಳ್ಳುವುದು ಇನ್ನೊಂದು. ಮೇಲೆ ಹೇಳಿದ ಒಂದೊಂದು ಕೆಲಸದ ಹಿಂದೆಯೂ ಒಂದು ಪಾಠವಿದೆ: ಪಾಸ್ಕಲ್, ಗಡಸು ನೀರು, ಶಕ್ತಿಯ ರೂಪಾಂತರ, ತುಕ್ಕು, ದಶಮಾಂಶ. ಎಸ್‌ಎಸ್‌ಎಲ್‌ಸಿ ಮುಗಿಸಿದ ಹುಡುಗ ಹುಡುಗಿಯರಿಗೆ ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್, ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಗಳಿವೆ. ಪ್ರಮಾಣಪತ್ರ ಹಿಡಿದವರು ಕಾರ್ಖಾನೆಗೂ, ಸಾರಿಗೆ ಸಂಸ್ಥೆಗೂ ಅರ್ಜಿ ಹಾಕಬಹುದು.

ಮನೆಯಲ್ಲೇ ಎರಡು ಪ್ರಯೋಗ ಮಾಡಿ ನೋಡಬಹುದು. ದೊಡ್ಡವರ ಎದುರಿನಲ್ಲಿ ಎರಡು ಸ್ಟೀಲ್ ತಟ್ಟೆಗಳಲ್ಲಿ ಬೋರಿನ ನೀರು, ಮಳೆನೀರು ಸಮನಾಗಿ ಹಾಕಿ ಪೂರ್ತಿ ಇಂಗಿಸಿ. ಉಳಿದ ಬಿಳಿ ಕಲೆಯನ್ನು ಹೋಲಿಸಿ, ಅದರ ಮೇಲೆ ನಿಂಬೆರಸ ಬಿಟ್ಟು ಗುಳ್ಳೆ ಏಳುವುದನ್ನು ನೋಡಿ. ಸೂಜಿಯಿಲ್ಲದ ಎರಡು ಸಿರಿಂಜುಗಳನ್ನು ಸಣ್ಣ ಕೊಳವೆಯಿಂದ ಜೋಡಿಸಿ, ಒಮ್ಮೆ ನೀರು ತುಂಬಿ, ಇನ್ನೊಮ್ಮೆ ಅರ್ಧ ಗಾಳಿ ಬಿಟ್ಟು ಒತ್ತಿ. ಬ್ರೇಕಿನ ಪಾಠ ಮತ್ತೆಂದೂ ಮರೆಯದು.

ಸೈನ್ಯದಲ್ಲಿ ವಾಹನಕ್ಕೂ ಪೆರೇಡ್ ಉಂಟು. ಹೊರಡುವ ಮುನ್ನ ಒಂದು ತಪಾಸಣೆ, ದಾರಿಯಲ್ಲಿ ನಿಂತಾಗ ಒಂದು, ಹಿಂತಿರುಗಿದ ಮೇಲೆ ಒಂದು. ಆಯಿಲ್, ನೀರು, ಗಾಳಿ, ಬ್ರೇಕು, ಲೈಟು ನೋಡಿ ಪುಸ್ತಕದಲ್ಲಿ ಬರೆಯಬೇಕು. ಮಿಲಿಟರಿ ಗಾಡಿ ಗಟ್ಟಿ ಎಂಬ ಹೆಸರು ಬರಲು ಉಕ್ಕಿನ ದಪ್ಪದಷ್ಟೇ ಈ ಶಿಸ್ತೂ ಕಾರಣ. ಹರಾಜಿನಲ್ಲಿ ಉಕ್ಕು ಸಿಗುತ್ತದೆ. ಶಿಸ್ತನ್ನು ಕೊಂಡವರೇ ತರಬೇಕು.